ಚುಕ್ಕಿ ರಂಗೋಲಿಯಲ್ಲಿ ಕ್ವಾಂಟಂ ಕಾಂತ

ಬೆಳ್ಳೂರಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಹತ್ತನೆಯ ತರಗತಿಗೆ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳ ಪಾಠ ಮಾಡುತ್ತಿದ್ದೆ. ಪ್ರವಾಹ ನಿಲ್ಲಿಸಿದೊಡನೆ ದಿಕ್ಸೂಚಿಯ ಮುಳ್ಳು ಮೊದಲಿನ ಜಾಗಕ್ಕೆ ಬಂತು. "ಹಾಗಾದ್ರೆ ತಾಮ್ರದೊಳಗೆ ಕಾಂತ ಇಲ್ಲವೇ ಇಲ್ವಾ ಮೇಡಂ?" ಎಂದು ಒಬ್ಬಳು ಕೇಳಿದಳು. ಸಿಲೆಬಸ್‌ನಲ್ಲಿಲ್ಲ ಎಂದು ಮುಂದೆ ಹೋಗಬಹುದಿತ್ತು. ಆದರೆ ಇಂದಿಗೂ ಸಂಶೋಧನೆ ನಡೆಯುತ್ತಿರುವ ವಿಷಯದ ಬಾಗಿಲಿಗೆ ಅವಳು ತಾನಾಗಿಯೇ ಬಂದು ನಿಂತಿದ್ದಳು.

ತಾಮ್ರದ ತಂತಿಯ ಮಾತು ಬೇರೆ. ಕೆಲವು ತಾಮ್ರದ ಸಂಯುಕ್ತಗಳಲ್ಲಿ ಪ್ರತಿ ತಾಮ್ರದ ಅಯಾನಿನಲ್ಲೂ ಜೊತೆಯಿಲ್ಲದ ಒಂದು ಎಲೆಕ್ಟ್ರಾನ್ ಇರುತ್ತದೆ; ಅದೇ ಒಂದು ಪುಟ್ಟ ಕಾಂತ. ನೆರೆಯ ಕಾಂತಗಳು ಪರಸ್ಪರ ವಿರುದ್ಧವಾಗಿರಲು ಬಯಸುತ್ತವೆ.

ಕರಿಹಲಗೆಯ ಮೇಲೆ ಆರು ಸಾಲಿನಲ್ಲಿ ಆರಾರು ಚುಕ್ಕಿ ಇಟ್ಟು ಚೌಕಗಳನ್ನು ಎಳೆಯಿರಿ. ಚೌಕಗಳ ಮೊದಲ ಸಾಲಿನಲ್ಲಿ 1, 3, 5ನೇ ಚೌಕಕ್ಕೆ ಬಲಕ್ಕೆ ವಾಲಿದ ಕರ್ಣ, ಎರಡನೆಯ ಸಾಲಿನಲ್ಲಿ 2, 4ನೇ ಚೌಕಕ್ಕೆ ಎಡಕ್ಕೆ ವಾಲಿದ ಕರ್ಣ. ಹೀಗೇ ಮುಂದುವರಿಸಿ. ಅಂಚು ಬಿಟ್ಟರೆ ಪ್ರತಿ ಚುಕ್ಕಿಗೂ ಒಂದೇ ಒಂದು ಕರ್ಣ ಸಿಗುತ್ತದೆ. ಅದರ ಎರಡು ತುದಿಗಳು ಒಂದು ಜೋಡಿ. ಪಕ್ಕದ ಚುಕ್ಕಿಯೊಂದು ಜೋಡಿಯ ಎರಡೂ ತುದಿಗಳಿಗೆ ಸಮನಾಗಿ ಅಂಟಿಕೊಂಡಿದೆ. ಒಬ್ಬರು ಏಳು ಅಂದರೆ ಇನ್ನೊಬ್ಬರು ಕೂರು ಅನ್ನುತ್ತಾರೆ. ಎರಡೂ ಅಷ್ಟೇ ಬಲ. ಎಳೆತ ರದ್ದಾಗುತ್ತದೆ, ಜೋಡಿ ಹಾಗೇ ಉಳಿಯುತ್ತದೆ. ಒಂದು ಷರತ್ತು: ಚೌಕದ ಅಂಚಿನ ಬಂಧ ಕರ್ಣದ ಬಂಧಕ್ಕಿಂತ ಸಾಕಷ್ಟು ದುರ್ಬಲವಾಗಿರಬೇಕು.

1981ರಲ್ಲಿ ಇದನ್ನು ಗಣಿತದಿಂದ ಸಾಧಿಸಿದವರು ಬಿ. ಶ್ರೀರಾಮ ಶಾಸ್ತ್ರಿ ಮತ್ತು ಬಿಲ್ ಸದರ್ಲ್ಯಾಂಡ್. ಶಾಸ್ತ್ರಿಯವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಹದಿನೆಂಟು ವರ್ಷ ಅದು ಕಾಗದದ ಮೇಲಿನ ರಂಗೋಲಿಯೇ. 1999ರಲ್ಲಿ ಜಪಾನಿನ ಕಗೆಯಾಮಾ ಮತ್ತು ಸಂಗಡಿಗರು ಸ್ಟ್ರಾನ್ಷಿಯಂ ತಾಮ್ರ ಬೋರೇಟ್ ಹರಳಿನ ಪದರಗಳಲ್ಲಿ ಇದೇ ವಿನ್ಯಾಸವನ್ನು ಕಂಡರು.

ಜೋಡಿಗೆ ಒಂದು ಮೇಲ್ಬಾಣ, ಒಂದು ಕೆಳಬಾಣ ಬರೆಯುವ ಚಿತ್ರ ನನಗೆ ಒಪ್ಪಿಗೆಯಿಲ್ಲ. ಜೋಡಿಯಲ್ಲಿ ಯಾರಿಗೂ ಸ್ವಂತ ದಿಕ್ಕಿಲ್ಲ. ಅಳೆದಾಗ ಪರಸ್ಪರ ವಿರುದ್ಧ ಎನ್ನುವುದಷ್ಟೇ ಖಚಿತ. ಹಾಗಾಗಿ ಬಾಣ ಬಿಟ್ಟು ಎರಡೂ ಚುಕ್ಕಿಗಳನ್ನು ಸುತ್ತುವ ಬಳೆ ಬರೆದೆ. ಒಟ್ಟು ಕಾಂತತ್ವ ಸೊನ್ನೆ. ಹರಳನ್ನು ಚೆನ್ನಾಗಿ ತಣಿಸಿದರೆ, ಒಳಗೆ ಕಾಂತಗಳು ತುಂಬಿದ್ದರೂ ಹೊರಗೆ ಬಹುಮಟ್ಟಿಗೆ ಮೌನ.

ಹೊರಗಿನಿಂದ ಪ್ರಬಲ ಕಾಂತಕ್ಷೇತ್ರ ಹಾಕಿದರೆ ಕೆಲವು ಜೋಡಿಗಳು ಮುರಿದು ಕ್ಷೇತ್ರದ ಕಡೆ ತಿರುಗುತ್ತವೆ. ಆ ಎಳೆತ ರದ್ದಾಗುವ ಕಾರಣದಿಂದಲೇ ಅವು ಸುಲಭವಾಗಿ ಓಡಾಡಲಾರವು; ಒಂದರಿಂದೊಂದು ದೂರ ಕಾಯ್ದುಕೊಂಡು ತಾವೇ ಇನ್ನೊಂದು ರಂಗೋಲಿಯಾಗಿ ಕೂರುತ್ತವೆ. ಆದ್ದರಿಂದ ಕಾಂತತ್ವ ಏಕಪ್ರಕಾರವಾಗಿ ಏರದೆ ಗರಿಷ್ಠದ 1/8, 1/4, 1/3ರಲ್ಲಿ ಮೆಟ್ಟಿಲಿನಂತೆ ನಿಲ್ಲುತ್ತದೆ.

ಹರಳನ್ನು ಹಿಂಡಿದರೆ? ಅಯಾನುಗಳ ಅಂತರ ಬದಲಾಗಿ, ಕರ್ಣಕ್ಕೆ ಹೋಲಿಸಿದಾಗ ಅಂಚಿನ ಬಂಧ ಬಲಿಯುತ್ತದೆ. ಸುಮಾರು 20,000 ವಾತಾವರಣದ ಒತ್ತಡದಲ್ಲಿ ಜೋಡಿಯ ವ್ಯವಸ್ಥೆ ಕಳಚಿ, ನಾಲ್ಕು ನಾಲ್ಕು ತಾಮ್ರಗಳು ಗುಂಪು ಕೂಡುತ್ತವೆ ಎಂದು 2017ರಲ್ಲಿ ಪ್ರಕಟವಾದ ನ್ಯೂಟ್ರಾನ್ ಪ್ರಯೋಗಗಳು ಸೂಚಿಸಿದವು. ಇನ್ನೂ ಒತ್ತಿದರೆ ಮೇಲೆ-ಕೆಳಗೆ ಬಾಣಗಳ ಸಾಮಾನ್ಯ ಜೋಡಣೆ ಬರುತ್ತದೆ. ಅಲ್ಲಿ ಮಾತ್ರ ಬಾಣ ಬರೆಯಿರಿ.