ಒಂದು ಮೀಟರ್ ಉದ್ದದ ಜೀವಕೋಶ

ಕಾಲ್ಬೆರಳು ಅಲುಗಾಡಿಸಲು ಅಪ್ಪಣೆ ಕೊಡುವ ನರಕೋಶ ಇರುವುದು ಬೆನ್ನುಹುರಿಯ ಕೆಳತುದಿಯಲ್ಲಿ. ಅದರ ಒಡಲು ಹೆಚ್ಚೆಂದರೆ 0.1 ಮಿಲಿಮೀಟರ್, ಅಲ್ಲಿಂದ ಪಾದಕ್ಕೆ ಇಳಿಯುವ ಎಳೆ ಸುಮಾರು 1 ಮೀಟರ್. ಒಡಲನ್ನು ಸುಲಿದ ತೆಂಗಿನಕಾಯಿಯಷ್ಟು ಹಿಗ್ಗಿಸಿದರೆ, ಬೆರಳು ದಪ್ಪದ ಹಗ್ಗವೊಂದು ಅದರಿಂದ ಹೊರಟು 1 ಕಿಲೋಮೀಟರ್ ಆಚೆ ಮುಟ್ಟುತ್ತದೆ.

ಎಳೆಗೆ ಉದ್ದಕ್ಕೂ ಮಯಲಿನ್ ಎಂಬ ಕೊಬ್ಬಿನ ಹೊದಿಕೆ. ಒಂದೊಂದು ಹೊದಿಕೆ ಕೋಶ ಕಾಯುವುದು ಹೆಚ್ಚುಕಡಿಮೆ 1 ಮಿಲಿಮೀಟರ್ ಮಾತ್ರ. ಹಾಗಾಗಿ ಒಂದೇ ಎಳೆಗೆ ಸಾವಿರದಷ್ಟು ಕಾವಲುಗಾರರು. ಅವರಿಂದಾಗಿಯೇ ನರದ ಸಂದೇಶ ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ.

ಈ ಹೊದಿಕೆಗೆ ಬೇಕಾದ ಪ್ರೋಟೀನುಗಳಲ್ಲೊಂದರ ಜೀನ್ ಪಿಎಂಪಿ22. ತಾಯಿಯಿಂದ ಒಂದು, ತಂದೆಯಿಂದ ಒಂದು, ಒಟ್ಟು ಎರಡು ಪ್ರತಿ ಇರಬೇಕು. ಕೆಲವರಲ್ಲಿ 17ನೇ ಕ್ರೋಮೋಸೋಮಿನ ಸುಮಾರು 15 ಲಕ್ಷ ಅಕ್ಷರಗಳ ತುಣುಕು ಒಂದು ಕಡೆಯಿಂದ ಬಂದ ಪ್ರತಿಯಲ್ಲಿ ಎರಡು ಬಾರಿ ಅಚ್ಚಾಗಿ, ಪ್ರತಿಗಳು ಮೂರಾಗುತ್ತವೆ. ನಮ್ಮ ಡಿಎನ್‌ಎ ಎಂಬ 300 ಕೋಟಿ ಅಕ್ಷರಗಳ ಗ್ರಂಥದಲ್ಲಿ ಇದು ಎರಡು ಸಾವಿರದಲ್ಲಿ ಒಂದು ಪಾಲು. ಅಕ್ಷರ ತಪ್ಪಿಲ್ಲ, ಏನೂ ಕಳೆದಿಲ್ಲ; ಒಂದು ಹೆಚ್ಚಾಗಿದೆ, ಅಷ್ಟೆ. ಅದೇ ತುಣುಕು ಕಳೆದು ಒಂದೇ ಪ್ರತಿ ಉಳಿದರೂ ಕಷ್ಟವೇ: ಚಕ್ಕಳಮಕ್ಕಳ ಹಾಕಿ ಕೂತದ್ದಕ್ಕೇ ಕಾಲು ದಿನಗಟ್ಟಲೆ ಸೋಲಬಹುದು.

ಮೂರು ಪ್ರತಿಯವರ ನರವೇಗ ಸೆಕೆಂಡಿಗೆ 20 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ನಿಜವಾದ ಪೆಟ್ಟು ಆಮೇಲಿನದು: ಎಳೆಗಳು ತುದಿಯಿಂದ ಸಾಯತೊಡಗುತ್ತವೆ, ಅದೂ ಅತಿ ಉದ್ದದವು ಮೊದಲು. ಆದ್ದರಿಂದಲೇ ಕಾಯಿಲೆ ಪಾದದಲ್ಲಿ ಶುರುವಾಗುತ್ತದೆ. ಅಂಗಾಲು ಕಮಾನಿನಂತೆ ಎತ್ತರವಾಗುತ್ತದೆ, ಮೀನಖಂಡ ಸೊರಗುತ್ತದೆ, ಸಮತಟ್ಟು ನೆಲದಲ್ಲೂ ಎಡವುತ್ತಾರೆ, ಚಪ್ಪಲಿ ಜಾರಿದ್ದೂ ತಿಳಿಯುವುದಿಲ್ಲ. ವರ್ಷಗಳ ನಂತರ ಅಂಗಿಯ ಗುಂಡಿ ಹಾಕಲೂ ಕೈ ತಡವರಿಸುತ್ತದೆ.

ಈ ಕಾಯಿಲೆಯನ್ನು 1886ರಲ್ಲಿ ಪ್ಯಾರಿಸಿನ ಚಾರ್ಕೋ ಮತ್ತು ಮೇರಿ, ಇಂಗ್ಲೆಂಡಿನ ಟೂತ್ ವಿವರಿಸಿದರು. ಮೂವರ ಹೆಸರೂ ಸೇರಿ ಸಿಎಂಟಿ. ಆ ಇಮ್ಮಡಿ ತುಣುಕು ಪತ್ತೆಯಾದದ್ದು 1991ರಲ್ಲಿ, 105 ವರ್ಷಗಳ ನಂತರ. ಇಂದು ಸಿಎಂಟಿಗೆ ಕಾರಣವೆಂದು ಗೊತ್ತಿರುವ ಜೀನ್‌ಗಳು ನೂರಕ್ಕೂ ಹೆಚ್ಚು.

ಪಶ್ಚಿಮ ನಾರ್ವೆಯ ಸಮೀಕ್ಷೆಯೊಂದು 1974ರಲ್ಲಿ ಕೊಟ್ಟ ಲೆಕ್ಕ 2,500 ಜನರಿಗೆ ಒಬ್ಬರು. ಪ್ರದೇಶದಿಂದ ಪ್ರದೇಶಕ್ಕೆ ಇದು ಬದಲಾದೀತು. ಆದರೂ ಅದೇ ಅಳತೆಗೋಲು ಹಿಡಿದರೆ ಭಾರತದ 140 ಕೋಟಿಯಲ್ಲಿ 5.6 ಲಕ್ಷ ಮಂದಿ. 2011ರ ಜನಗಣತಿಯ ಕರ್ನಾಟಕದಲ್ಲೇ 24 ಸಾವಿರ. ಇಷ್ಟು ಜನ ನಮ್ಮ ಕಣ್ಣಿಗೆ ಬೀಳದಿರುವುದೇಕೆ? ಕಾಯಿಲೆ ನಿಧಾನ, ಬಹುತೇಕರ ಆಯುಷ್ಯ ಕುಗ್ಗುವುದಿಲ್ಲ, "ನಮ್ಮಪ್ಪನ ಕಾಲೂ ಹೀಗೇ ಇತ್ತು" ಎಂದು ಮನೆಯವರು ಸುಮ್ಮನಾಗುತ್ತಾರೆ. ಆ ಮಾತೇ ವೈದ್ಯರಿಗೆ ದೊಡ್ಡ ಸುಳಿವು: ಮೂರು ಪ್ರತಿಯ ಬಗೆಯಲ್ಲಿ ಪ್ರತಿ ಮಗುವಿಗೂ ಅದು ದಾಟುವ ಸಂಭವ ಎರಡರಲ್ಲಿ ಒಂದು.

ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಫಿಜಿಯೋಥೆರಪಿ, ಪಾದ ಎತ್ತಿಹಿಡಿಯುವ ಪಟ್ಟಿ, ಬೇಕಾದರೆ ಶಸ್ತ್ರಚಿಕಿತ್ಸೆ ನಡಿಗೆಯನ್ನು ಸುಧಾರಿಸುತ್ತವೆ. ಆದರೆ ಹೆಸರು ತಿಳಿದಿರುವುದೇ ಒಂದು ರಕ್ಷಣೆ. ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್, ಉಳಿದವರು ತಾಳಿಕೊಳ್ಳುವ ಪ್ರಮಾಣದಲ್ಲೇ, ಸಿಎಂಟಿ ಇದ್ದವರ ಕೈಕಾಲುಗಳನ್ನು ಕೆಲವೇ ವಾರಗಳಲ್ಲಿ ಸೋಲಿಸಿದ ಉದಾಹರಣೆಗಳಿವೆ. ಮನೆತನದ ಕಾಲಿನ ಕಥೆಯನ್ನು ವೈದ್ಯರ ಮುಂದೆ ಹೇಳಲು ಒಂದು ನಿಮಿಷ ಸಾಕು.