ಸಾಕ್ಷಿಗಳನ್ನು ಮೀರಿ ಬಾಳಿದಾಕೆ

ನಮ್ಮ ಕಡೆಯ ಅಜ್ಜಿಯರನ್ನು ವಯಸ್ಸು ಕೇಳಿದರೆ, "ಪ್ಲೇಗು ಬಂದಾಗ ನಾನು ತೊಟ್ಟಿಲ ಕೂಸಂತೆ" ಎಂಬಂಥ ಉತ್ತರ ಬರುತ್ತಿತ್ತು. ಅದನ್ನು ಹೌದೆನ್ನಲು ಆ ಕಾಲವನ್ನು ಕಂಡ ಇನ್ನೊಬ್ಬರಾದರೂ ಇರಬೇಕು. ಅಂಥವರು ಯಾರೂ ಉಳಿಯದಷ್ಟು ದೀರ್ಘಕಾಲ ಬಾಳಿದವರ ಮಾತಿಗೆ ಸಾಕ್ಷಿ ಯಾರು? ಫ್ರಾನ್ಸಿನ ಝಾನ್ ಕಾಲ್ಮಾನ್ ಎಂಬಾಕೆಯ ವೃತ್ತಾಂತವನ್ನು ಓದಿದಾಗಿನಿಂದ ಈ ಪ್ರಶ್ನೆ ನನ್ನನ್ನು ಕಾಡಿದೆ.

ಆಕೆ ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣದಲ್ಲಿ, 1875ರ ಫೆಬ್ರವರಿ 21ರಂದು. ತೀರಿಕೊಂಡದ್ದು ಅದೇ ಊರಿನಲ್ಲಿ, 1997ರ ಆಗಸ್ಟ್ 4ರಂದು. 122 ವರ್ಷ, 164 ದಿನ! ದಾಖಲೆಗಳ ಆಧಾರದಿಂದ ಪರಿಶೀಲಿಸಿ ಒಪ್ಪಿದ ಮಾನವಾಯುಷ್ಯಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

ಫ್ರಾನ್ಸಿನಲ್ಲಿ ಒಂದು ವಿಚಿತ್ರ ವ್ಯವಹಾರವುಂಟು. ಮನೆಯನ್ನು ಕೊಳ್ಳುವವನು ಅದರ ವೃದ್ಧ ಒಡೆಯರಿಗೆ ಅವರು ಬದುಕಿರುವಷ್ಟು ಕಾಲವೂ ತಿಂಗಳು ತಿಂಗಳು ಹಣ ಸಲ್ಲಿಸುತ್ತಾನೆ. ಅವರ ಕಾಲವಾದ ಮೇಲೆ ಮನೆ ಅವನದು. 1965ರಲ್ಲಿ ರಾಫ್ರೆ ಎಂಬ ನೋಟರಿ ತೊಂಬತ್ತರ ಈ ವೃದ್ಧೆಗೆ ಮಾಸಿಕ 2,500 ಫ್ರಾಂಕುಗಳಂತೆ ಒಪ್ಪಂದ ಬರೆದುಕೊಟ್ಟ. ಆಗ ಅವನಿಗೆ ನಲವತ್ತೇಳು. ಮೂವತ್ತು ವರ್ಷ ತೆತ್ತು, ಮನೆಯ ಬೆಲೆಯ ಇಮ್ಮಡಿಯನ್ನೂ ಮೀರಿ ಕೊಟ್ಟು, 1995ರಲ್ಲಿ ಅವನೇ ತೀರಿಕೊಂಡ. ಕಂತು ಕಟ್ಟುವ ಭಾರ ಅವನ ವಿಧವೆಯ ಪಾಲಿಗೆ ಬಂತು.

ಈ ಕಥೆಗೆ ಜನ ನಗುತ್ತಾರೆ, ನಾನೂ ನಕ್ಕಿದ್ದೇನೆ. ಆದರೆ ಆ ಒಪ್ಪಂದಕ್ಕೆ ಸಹಿ ಹಾಕುವಾಗ ಆಕೆಗೆ ಮನೆಯನ್ನು ಬಿಟ್ಟುಹೋಗಲು ಹತ್ತಿರದ ವಾರಸುದಾರರು ಯಾರೂ ಇರಲಿಲ್ಲ. ಒಬ್ಬಳೇ ಮಗಳು ಇವೋನ್ 1934ರಲ್ಲಿ ತೀರಿಕೊಂಡಿದ್ದಳು. ಬಟ್ಟೆ ವ್ಯಾಪಾರಿಯಾದ ಪತಿ 1942ರಲ್ಲಿ, ಅಳಿಯನೂ ಒಬ್ಬನೇ ಮೊಮ್ಮಗನೂ 1963ರಲ್ಲಿ ಹೋದರು. ಆಮೇಲೂ ಆಕೆ ನೂರಹತ್ತರ ಹತ್ತಿರದವರೆಗೆ ಒಂಟಿಯಾಗಿ ಮನೆ ನಡೆಸಿದರು. ಹುಡುಗಿಯಾಗಿದ್ದಾಗ ಚಿತ್ರಕಾರ ವಾನ್ ಗೋನನ್ನು ಕಂಡಿದ್ದೆನೆಂದು ಹೇಳಿದ್ದರಿಂದ ಪತ್ರಕರ್ತರು ಮುತ್ತಿದರು. ಆತ 1888ರಲ್ಲಿ ಆರ್ಲಿನಲ್ಲಿದ್ದುದು ನಿಜ. ನೂರು ವರ್ಷ ಕಳೆದು ಹೇಳಿದ ಈ ನೆನಪಿಗೆ ಮಾತ್ರ ನಾನು ಪೂರ್ತಿ ತೂಕ ಕೊಡಲಾರೆ.

ಆಕೆಯ ಮರಣದ ಎರಡು ದಶಕಗಳ ಬಳಿಕ, 2018ರಲ್ಲಿ, ರಷ್ಯದ ನಿಕೊಲಾಯ್ ಝಾಕ್ ಎಂಬ ಗಣಿತಜ್ಞ ಒಂದು ಸಂಶಯವನ್ನು ಮುಂದಿಟ್ಟ. 1934ರಲ್ಲಿ ಸತ್ತವಳು ತಾಯಿ. ವಾರಸುದಾರಿಕೆಯ ತೆರಿಗೆ ತಪ್ಪಿಸಲು ಮಗಳೇ ತಾಯಿಯ ಹೆಸರನ್ನು ಹೊತ್ತು ಬಾಳಿದಳು ಎಂಬುದು ಅವನ ವಾದ. ಅದು ನಿಜವಾಗಬೇಕಾದರೆ ತಂದೆ ಮಗಳನ್ನು ಊರೆದುರು ಹೆಂಡತಿಯೆನ್ನಬೇಕು. ಏಳು ವರ್ಷದ ಹುಡುಗ ತಾಯಿಯನ್ನು ಅಜ್ಜಿಯೆಂದು ಕರೆಯಲು ಕಲಿಯಬೇಕು. ಪರಸ್ಪರ ಬಲ್ಲವರೇ ತುಂಬಿದ ಪಟ್ಟಣ ಬಾಯಿ ಮುಚ್ಚಿಕೊಂಡಿರಬೇಕು. ನನಗೆ ಇದು ನಂಬಲರ್ಹವೆನಿಸುವುದಿಲ್ಲ. ಮಗಳನ್ನು ಮಣ್ಣುಮಾಡಿದ ತಾಯಿಯ ದುಃಖವೇ ಆಕೆಯ ಮೇಲಿನ ಆರೋಪವಾಯಿತಲ್ಲ ಎಂಬುದು ಮನಸ್ಸನ್ನು ಚುಚ್ಚುತ್ತದೆ.

ವಯಸ್ಸನ್ನು ಮೊದಲು ಪರಿಶೀಲಿಸಿದ್ದ ರೋಬಿನ್, ಅಲಾರ್ ಮೊದಲಾದವರು 2019ರಲ್ಲಿ ಉತ್ತರ ಕೊಟ್ಟರು. ಅವರ ಬಳಿ ಜನನದ ದಾಖಲೆ ಇತ್ತು, ಜನಗಣತಿಯ ಪುಸ್ತಕಗಳಿದ್ದವು. ಇವುಗಳ ಜೊತೆಗೆ, ಆಕೆ ಬದುಕಿದ್ದಾಗ ಅವರು ಕೇಳಿದ್ದ ಕೆಲವು ಸಣ್ಣ ಪ್ರಶ್ನೆಗಳೂ ಇದ್ದವು. ಶಾಲೆಯಲ್ಲಿ ಗಣಿತ ಕಲಿಸಿದವರು ಯಾರು? ಕಟ್ಟಡದಲ್ಲಿ ಮನೆಗೆಲಸಕ್ಕಿದ್ದವರ ಹೆಸರೇನು? ಮಗಳಿಗೆ ತಿಳಿದಿರಲಾರದ ಸಂಗತಿಗಳಿವು. ಕೆಲವು ಆಕೆಗೆ ಮರೆತುಹೋಗಿದ್ದವು. ನೆನಪಿದ್ದವು ಸರಿಯಾಗಿದ್ದವು.