ಠಾಣೆಯ ಕೋಣೆಯಲ್ಲಿ ದಾದಿ

ಕನ್ನಡದಲ್ಲಿ ‘ಕಾವಲು’ ಎಂಬ ಮಾತಿಗೂ ‘ಕಾಪಾಡು’ ಎಂಬ ಮಾತಿಗೂ ಮೂಲ ಒಂದೇ. ‘ಕಾ’ ಎಂಬ ಧಾತುವಿಗೆ ರಕ್ಷಿಸು ಎಂದರ್ಥ. ಹೊಲ ಕಾಯುವವನು, ದನ ಕಾಯುವವನು, ಬಂದಿಯನ್ನು ಕಾಯುವವನು – ವ್ಯಾಕರಣದ ದೃಷ್ಟಿಯಿಂದ ಎಲ್ಲರೂ ಒಂದೇ ಕೆಲಸ ಮಾಡತಕ್ಕವರು. ಇಂಗ್ಲಿಷಿನ ‘ಕಸ್ಟಡಿ’ಯೂ ಹಾಗೆಯೇ, ಲ್ಯಾಟಿನ್ನಿನಲ್ಲಿ ಅದರ ಮೂಲಪದಕ್ಕೆ ರಕ್ಷಕನೆಂಬ ಅರ್ಥವೂ ಉಂಟು. ಆದರೆ ಪೋಲೀಸ್ ಠಾಣೆಯಲ್ಲಿ ಬೀಗ ಹಾಕಿ ಕೂಡಿಸಿದವನಿಗೆ ನಡುರಾತ್ರಿಯಲ್ಲಿ ಎದೆನೋವು ಬಂದರೆ ಈ ಧಾತ್ವರ್ಥವನ್ನು ಉಳಿಸುವವರು ಯಾರು? ಹೊರಗಿರುವವನು ಡಾಕ್ಟರ ಮನೆಯ ಬಾಗಿಲನ್ನು ತಟ್ಟಿಯಾನು. ಒಳಗಿರುವವನಿಗೆ ತಟ್ಟಲು ಇರುವುದು ಒಂದೇ ಬಾಗಿಲು, ಅದರ ಬೀಗದಕೈ ಬೇರೆಯವರಲ್ಲಿದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಗ್ಲೆಂಡಿನಲ್ಲಿ ದಾದಿಯಾಗಿದ್ದಾಳೆ. ಆಸ್ಪತ್ರೆಯನ್ನು ಬಿಟ್ಟು ಪೋಲೀಸ್ ಠಾಣೆಯಲ್ಲಿ ಕೆಲಸಕ್ಕೆ ಸೇರಿರುವುದಾಗಿ ಅವಳು ತಿಳಿಸಿದಾಗ, “ಠಾಣೆಯಲ್ಲಿ ದಾದಿಗೆ ಏನಮ್ಮ ಕೆಲಸ?” ಎಂದು ಕೇಳಿದೆ. “ಅದಿರಲಿ ಮೇಷ್ಟ್ರೇ, ನನಗೆ ಸಂಬಳ ಕೊಡುವುದು ಆಸ್ಪತ್ರೆಯೂ ಅಲ್ಲ, ಪೋಲೀಸರೂ ಅಲ್ಲ. ಗುತ್ತಿಗೆ ಹಿಡಿದಿರುವ ಒಂದು ಕಂಪೆನಿ” ಎಂದಳು. ರಸ್ತೆಗೂ ಸೇತುವೆಗೂ ಗುತ್ತಿಗೆಯುಂಟೆಂದು ಬಲ್ಲೆ. ಬಂದಿಯ ಆರೋಗ್ಯಕ್ಕೂ ಗುತ್ತಿಗೆಯೆ ಎಂಬ ಕುತೂಹಲದಿಂದ ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಇಂಗ್ಲೆಂಡು ಮತ್ತು ವೇಲ್ಸ್ ಸೇರಿ ಪ್ರಾಂತವಾರು 43 ಪೋಲೀಸ್ ದಳಗಳಿವೆ. ಹಿಂದೆ ಅಲ್ಲಿ ‘ಪೋಲೀಸ್ ಸರ್ಜನ್’ ಎಂಬುವರಿದ್ದರು. ಅನೇಕ ಕಡೆ ಅವರು ಊರಿನ ಸಾಮಾನ್ಯ ಡಾಕ್ಟರೇ. ಹಗಲು ತಮ್ಮ ರೋಗಿಗಳನ್ನು ನೋಡಿಕೊಂಡು, ಠಾಣೆಯಿಂದ ಕರೆ ಬಂದರೆ ಹೋಗಿ ಬರುತ್ತಿದ್ದರು. 1984ರಲ್ಲಿ ಪೋಲೀಸರ ಅಧಿಕಾರವನ್ನೂ ಸಾಕ್ಷ್ಯವನ್ನೂ ಕುರಿತ ಹೊಸ ಕಾನೂನು ಬಂದಿತು. 1986ರ ಜನವರಿಯಿಂದ ಅದು ಪೂರ್ಣವಾಗಿ ಆಚರಣೆಗೆ ಬಂದಿತು. ಅದರ ಪ್ರಕಾರ ಬಂಧಿತರ ಯೋಗಕ್ಷೇಮಕ್ಕೆ ಒಬ್ಬ ಅಧಿಕಾರಿ ಹೊಣೆ. ಸಾಮಾನ್ಯವಾಗಿ ಅವನು ಸಾರ್ಜೆಂಟ್ ದರ್ಜೆಯವನು; ಅಪರಾಧದ ತನಿಖೆಗೂ ಅವನಿಗೂ ಸಂಬಂಧವಿರಕೂಡದು. ಬಂದಿ ಒಳಗೆ ಬಂದೊಡನೆ ಅವನು ಪ್ರಶ್ನೆ ಕೇಳುತ್ತಾನೆ: ಕಾಯಿಲೆಯುಂಟೆ? ಗಾಯವುಂಟೆ? ಔಷಧ ತೆಗೆದುಕೊಳ್ಳುತ್ತಿದ್ದೀಯಾ? ನಿನಗೆ ನೀನೇ ಅಪಾಯ ಮಾಡಿಕೊಂಡದ್ದುಂಟೆ? ಉತ್ತರದಲ್ಲಿ ಸಂದೇಹ ಕಂಡರೆ ವೈದ್ಯಕೀಯ ನೆರವನ್ನು ಕರೆಸಲೇಬೇಕು.

2003ರಲ್ಲಿ ನಿಯಮ ತಿದ್ದುಪಡಿಯಾಗಿ, ಡಾಕ್ಟರೊಬ್ಬರೇ ಅಲ್ಲದೆ ತರಬೇತಿ ಹೊಂದಿದ ದಾದಿಯರೂ ಆಂಬುಲೆನ್ಸ್ ಚಿಕಿತ್ಸಕರೂ ಈ ಕೆಲಸ ಮಾಡಬಹುದೆಂದಾಯಿತು. ಗುತ್ತಿಗೆಯ ಪದ್ಧತಿ ಬೆಳೆದದ್ದು ಮುಖ್ಯವಾಗಿ ಆಮೇಲೆ. ಪೋಲೀಸ್ ದಳ ಟೆಂಡರು ಕರೆಯುತ್ತದೆ; ಕೆಲವೊಮ್ಮೆ ಎರಡು ಮೂರು ದಳಗಳು ಸೇರಿ ಒಂದೇ ಟೆಂಡರು. ಗೆದ್ದ ಕಂಪೆನಿ ಕೆಲವು ವರ್ಷಗಳ ಕಾಲ ದಾದಿಯರನ್ನೂ ಡಾಕ್ಟರರನ್ನೂ ಒದಗಿಸಬೇಕು. ಲಂಡನ್ ನಗರದ ಪೋಲೀಸರು ಮಾತ್ರ ತಮ್ಮದೇ ದಾದಿಯರನ್ನು ನೇಮಿಸಿಕೊಳ್ಳುವ ದಾರಿ ಹಿಡಿದರು.

ದಾದಿಗೆ ಏನು ಕೆಲಸವೆಂದು ಕೇಳಿದ್ದೆನಲ್ಲ, ಬೇಕಾದಷ್ಟಿದೆ. ಬಂದಿ ಕೂಡಿಹಾಕಲು ಯೋಗ್ಯ ಸ್ಥಿತಿಯಲ್ಲಿದ್ದಾನೆಯೆ, ವಿಚಾರಣೆಯ ಪ್ರಶ್ನೆಗಳನ್ನು ತಿಳಿದು ಉತ್ತರಿಸಬಲ್ಲನೆ ಎಂದು ನೋಡಬೇಕು. ಇನ್ಸುಲಿನ್ ಮನೆಯಲ್ಲೇ ಉಳಿದುಹೋದ ಸಿಹಿಮೂತ್ರದ ರೋಗಿಗೆ ಅದನ್ನು ಒದಗಿಸಬೇಕು. ನಿತ್ಯ ಕುಡಿಯುವವನಿಗೆ ಕುಡಿತ ನಿಂತ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ಮುಂದೆ ಸೆಳವು ಕೂಡ ಬರಬಹುದು. ಅದನ್ನು ಮೊದಲೇ ಗುರುತಿಸಬೇಕು. ಅಫೀಮಿನ ಜಾತಿಯ ಮದ್ದುಗಳ ಚಟ ಬಿಡಿಸಲು ಕೊಡುವ ಮೆಥಡೋನಿನಂಥ ಔಷಧವನ್ನು ಪೋಲೀಸರು ತಾವಾಗಿ ಕೊಡುವಂತಿಲ್ಲ. ಇವೆಲ್ಲದರ ಜೊತೆಗೆ, ಕುಡಿದು ಗಾಡಿ ನಡೆಸಿದವನ ರಕ್ತವನ್ನು ಸಾಕ್ಷ್ಯಕ್ಕಾಗಿ ತೆಗೆಯುವವಳೂ ಅವಳೇ. ಒಂದು ಗಳಿಗೆಯಲ್ಲಿ ಶುಶ್ರೂಷಕಿ, ಇನ್ನೊಂದು ಗಳಿಗೆಯಲ್ಲಿ ಸಾಕ್ಷಿ. “ಮೊದಲನೆಯ ಮಾತಿನಲ್ಲೇ ಎರಡನ್ನೂ ಬಂದಿಗೆ ಬಿಡಿಸಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವನು ನನ್ನನ್ನೇಕೆ ನಂಬಬೇಕು?” ಎಂದು ನನ್ನ ಶಿಷ್ಯೆ ಹೇಳಿದಳು.

ಅಮಲೇರಿ ಮಲಗಿದವನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಾಯಿಂದ ಹೆಂಡದ ವಾಸನೆ ಬಂದಿತೆಂದರೆ ನಾವೆಲ್ಲರೂ “ಕುಡಿದಿದ್ದಾನೆ, ಮಲಗಲಿ ಬಿಡಿ” ಎನ್ನುವವರೇ. ಆದರೆ ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಸುರಿಯುತ್ತಿರುವವನೂ, ರಕ್ತದ ಸಕ್ಕರೆ ಇಳಿದವನೂ, ಮೂರ್ಛೆರೋಗದವನೂ, ಲಕ್ವ ಹೊಡೆದವನೂ ನೋಡಲು ಹಾಗೆಯೇ ಇರುತ್ತಾರೆ. ಅವರು ಕುಡಿದೂ ಇರಬಹುದು. ಆದ್ದರಿಂದ ಅಮಲಿನಲ್ಲಿರುವ ಬಂದಿಯನ್ನು ಅರ್ಧ ಗಂಟೆಗೊಮ್ಮೆಯಾದರೂ ಒಳಗೆ ಹೋಗಿ ಎಬ್ಬಿಸಿ ನೋಡತಕ್ಕದ್ದೆಂದು ನಿಯಮ. ಕಿಂಡಿಯಿಂದ ಇಣುಕಿದರೆ ಸಾಲದು. ಹೆಸರು ಹಿಡಿದು ಕೂಗಬೇಕು, ಮೆಲ್ಲನೆ ಅಲುಗಿಸಬೇಕು. ನಿನ್ನ ಹೆಸರೇನು, ಮನೆ ಎಲ್ಲಿ, ಈಗ ಎಲ್ಲಿದ್ದೀಯೆ ಎಂದು ಕೇಳಬೇಕು. ಕಣ್ಣು ಬಿಡು, ಒಂದು ಕೈ ಎತ್ತು, ಈಗ ಇನ್ನೊಂದು ಎನ್ನಬೇಕು. ಇದಕ್ಕೆ ಸರಿಯಾಗಿ ಸ್ಪಂದಿಸದಿದ್ದರೆ ಡಾಕ್ಟರನ್ನೋ ಆಂಬುಲೆನ್ಸನ್ನೋ ಕರೆಯಬೇಕು. ಗೊರಕೆಯನ್ನು ಕೂಡ ಸುಖನಿದ್ರೆಯೆಂದು ನಂಬುವಂತಿಲ್ಲ. ಉಸಿರಿನ ದಾರಿ ಕಟ್ಟಿಕೊಂಡಾಗಲೂ ಅಂಥದೇ ಸದ್ದು ಬರುತ್ತದೆ.

ಇಷ್ಟು ಕಟ್ಟುನಿಟ್ಟು ಏಕೆಂಬುದಕ್ಕೆ ಹಲ್ ಎಂಬ ನಗರದ ಒಂದು ಪ್ರಕರಣವನ್ನು ನೋಡಬಹುದು. 1998ರ ಏಪ್ರಿಲ್ 1ರಂದು ಸೇನೆಯಲ್ಲಿದ್ದು ಬಂದ 37 ವರ್ಷದ ಒಬ್ಬ ಕರಿಯ ಜನಾಂಗದವನು ಹೊಡೆದಾಟದಲ್ಲಿ ತಲೆಗೆ ಪೆಟ್ಟು ತಿಂದು ಆಸ್ಪತ್ರೆಗೆ ಹೋದ. ಅಲ್ಲಿ ಅವನ ವರ್ತನೆ ಸರಿಯಿಲ್ಲವೆಂದು ಹೊರಗೆ ಕಳಿಸಿದರು. ಪೋಲೀಸರು ಬಂಧಿಸಿ ಠಾಣೆಗೆ ಒಯ್ದರು. ಕೈಗೆ ಬೇಡಿ ಹಾಕಿದಂತೆಯೇ ನೆಲದ ಮೇಲೆ ಬೋರಲಾಗಿ ಬಿದ್ದಿದ್ದ. ನಟಿಸುತ್ತಿದ್ದಾನೆಂದು ಸುತ್ತಲಿದ್ದವರು ಭಾವಿಸಿದರು. ಸುಮಾರು ಹತ್ತು ನಿಮಿಷಗಳಲ್ಲಿ ಅವನ ಉಸಿರು ನಿಂತಿತು. ಇದೆಲ್ಲ ಠಾಣೆಯ ಕ್ಯಾಮರಾದಲ್ಲೇ ದಾಖಲಾಗಿತ್ತು. 2000ದಲ್ಲಿ ಮರಣವಿಚಾರಣೆಯ ಪಂಚರು ಇದು ಕಾನೂನುಬಾಹಿರವಾದ ಹತ್ಯೆಯೆಂದರು. 2002ರಲ್ಲಿ ಐವರು ಪೋಲೀಸರು ನ್ಯಾಯಾಲಯದಲ್ಲಿ ಬಿಡುಗಡೆಯಾದರು. 2011ರಲ್ಲಿ ಸರ್ಕಾರ ಅವನ ಕುಟುಂಬದ ಕ್ಷಮೆ ಕೇಳಿತು.

ಗುತ್ತಿಗೆಯ ಮಾತಿಗೆ ಬರೋಣ. ಕರಾರಿನಲ್ಲಿ ಮುಖ್ಯವಾದುದು ಕಾಲ: ಕರೆ ಹೋದ ಮೇಲೆ ಎಷ್ಟು ಹೊತ್ತಿನೊಳಗೆ ದಾದಿ ಬಂದಿಯ ಮುಂದೆ ನಿಲ್ಲಬೇಕೆಂಬುದು. ತಡವಾದರೆ ಹಣ ಕಡಿತ. ದೊಡ್ಡ ಠಾಣೆಗಳಲ್ಲಿ ದಾದಿ ಹಗಲೂ ರಾತ್ರಿಯೂ ಅಲ್ಲೇ ಇರುತ್ತಾಳೆ. ಹಳ್ಳಿಗಾಡಿನಲ್ಲಿ ಕೆಲವೆಡೆ ಒಬ್ಬಳೇ ಹಲವು ಠಾಣೆಗಳಿಗೆ ಕಾರಿನಲ್ಲಿ ಸುತ್ತಬೇಕು. ದೂರ ಹೆಚ್ಚಿದಷ್ಟೂ ಕಾಯುವಿಕೆ ಹೆಚ್ಚು. ನನಗೆ ತೋರುವಂತೆ ತೊಡಕಿರುವುದು ಇಲ್ಲಿಯೇ. ಎಷ್ಟು ನಿಮಿಷದಲ್ಲಿ ಬಂದಳೆಂಬುದನ್ನು ಗಡಿಯಾರ ಹೇಳುತ್ತದೆ. ಎಷ್ಟು ಚೆನ್ನಾಗಿ ನೋಡಿದಳೆಂಬುದನ್ನು ಕರಾರಿನ ಅಂಕಿಗಳು ಹಿಡಿಯಲಾರವು. ನಮ್ಮ ಶಾಲೆಗಳಲ್ಲಿ ಹಾಜರಿ ಪುಸ್ತಕ ನೋಡಿ ಪಾಠದ ಗುಣವನ್ನು ಅಳೆದಂತೆ! ಅಗ್ಗದ ಟೆಂಡರು ಗೆದ್ದು, ದಾದಿಯರು ಸಿಗದೆ ಸರದಿ ಖಾಲಿ ಬಿದ್ದರೆ, ಕಡಿತವಾದ ಹಣದಿಂದ ಅಂದಿನ ಬಂದಿಗೆ ಪ್ರಯೋಜನವಿಲ್ಲ.

ಹಣ ಕೊಡುವವರು ಪೋಲೀಸರಾಗಿರಬೇಕೆ ಎಂಬುದು ಇನ್ನೊಂದು ಚರ್ಚೆ. ಸ್ಕಾಟ್ಲೆಂಡಿನಲ್ಲಿ 2014ರ ಏಪ್ರಿಲಿನಿಂದ ಈ ಹೊಣೆಯನ್ನು ರಾಷ್ಟ್ರೀಯ ಆರೋಗ್ಯ ಸೇವೆಗೇ ವಹಿಸಲಾಯಿತು. ಇಂಗ್ಲೆಂಡಿನಲ್ಲೂ 2016ರಲ್ಲಿ ಹಾಗೆ ಮಾಡುವ ಯೋಜನೆಯಿದ್ದಿತು. ಕೊನೆಯ ಗಳಿಗೆಯಲ್ಲಿ ಸರ್ಕಾರ ಕೈಬಿಟ್ಟಿತು. ಪೋಲೀಸ್ ವಶದಲ್ಲಿ ಸಂಭವಿಸಿದ ಮರಣಗಳನ್ನು ಪರಿಶೀಲಿಸಿದ ಎಲಿಶ್ ಆಂಜಿಯೊಲಿನಿಯವರ ವರದಿ 2017ರಲ್ಲಿ ಹೊರಬಿದ್ದು, ಆರೋಗ್ಯ ಸೇವೆಗೇ ವಹಿಸಬೇಕೆಂದು ಮತ್ತೆ ಹೇಳಿತು.

ನಮ್ಮ ದೇಶದಲ್ಲಿ ಠಾಣೆಯೊಳಗೆ ದಾದಿಯನ್ನಿಡುವ ಪದ್ಧತಿಯಿಲ್ಲ. ಬಂದಿಯನ್ನೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವುದು ವಾಡಿಕೆ. ಪಶ್ಚಿಮ ಬಂಗಾಳದ ಡಿ. ಕೆ. ಬಸು ಅವರು 1986ರಲ್ಲಿ ಬರೆದ ಒಂದು ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿಯಾಗಿ ಸ್ವೀಕರಿಸಿತು. 1996ರ ಡಿಸೆಂಬರಿನಲ್ಲಿ ತೀರ್ಪು ಬಂದಿತು. ಅದರಂತೆ ಬಂಧಿತನು ಕೇಳಿಕೊಂಡರೆ ಬಂಧನದ ಸಮಯದಲ್ಲೇ ಅವನ ಮೈಮೇಲಿನ ಗಾಯಗಳನ್ನು ಬರೆದುಕೊಂಡು ಇಬ್ಬರೂ ರುಜು ಹಾಕಬೇಕು. ವಶದಲ್ಲಿರುವಷ್ಟು ಕಾಲವೂ 48 ಗಂಟೆಗೊಮ್ಮೆ, ರಾಜ್ಯದ ಆರೋಗ್ಯ ಸೇವೆಗಳ ನಿರ್ದೇಶಕರು ಗೊತ್ತುಮಾಡಿದ ಪಟ್ಟಿಯಲ್ಲಿನ ಡಾಕ್ಟರರಿಂದ ಪರೀಕ್ಷೆಯಾಗಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೆಯ ವಿಧಿಯೂ ಬಂಧನದ ನಂತರ ವೈದ್ಯಪರೀಕ್ಷೆಯನ್ನು ಹೇಳುತ್ತದೆ. ಹೆಂಗಸರನ್ನು ಮಹಿಳಾ ಡಾಕ್ಟರೇ ಅಥವಾ ಅವರ ಮೇಲ್ವಿಚಾರಣೆಯಲ್ಲೇ ನೋಡಬೇಕು. 56ನೆಯ ವಿಧಿ ಬಂದಿಯ ಆರೋಗ್ಯವನ್ನೂ ಸುರಕ್ಷತೆಯನ್ನೂ ವಶದಲ್ಲಿಟ್ಟುಕೊಂಡವರ ಕರ್ತವ್ಯವೆಂದು ಸಾರುತ್ತದೆ.

ಬಂಧಿಸಿದ ಸುದ್ದಿಯನ್ನು ನೆಂಟರಿಗೋ ಸ್ನೇಹಿತರಿಗೋ ತಿಳಿಸುವುದೂ ಪೋಲೀಸರ ಕರ್ತವ್ಯ. ಅಂಥ ಸುದ್ದಿ ಬಂದ ಮನೆಯವರು ಗಾಬರಿಯಲ್ಲಿ ವಕೀಲರನ್ನು ಹುಡುಕುವಾಗ ಔಷಧದ ಚೀಟಿಯನ್ನು ಮರೆಯುತ್ತಾರೆ. ಯಾವ ಕಾಯಿಲೆ, ಯಾವ ಮಾತ್ರೆ, ಎಷ್ಟು ಹೊತ್ತಿಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಠಾಣೆಯಲ್ಲಿ ಕೊಟ್ಟು, ಇನ್ನೊಂದು ಪ್ರತಿಯನ್ನು ತಮ್ಮಲ್ಲಿಟ್ಟುಕೊಳ್ಳಬೇಕು. ಡಾಕ್ಟರರ ಪರೀಕ್ಷಾವರದಿಯ ಒಂದು ಪ್ರತಿಯನ್ನು ಬಂದಿಗೆ, ಇಲ್ಲವೆ ಅವನು ಹೆಸರಿಸಿದವರಿಗೆ ಕೊಡಬೇಕೆಂದು ಅದೇ 53ನೆಯ ವಿಧಿಯಲ್ಲಿದೆ; ಅದನ್ನು ಕೇಳಿ ಪಡೆಯಬಹುದು.